ಅಮೆರಿಕದಲ್ಲಿ ಆಟ ಆಡಲು ಯಾವ ವೀಸಾ ಬೇಕು: ಯಕ್ಷಗಾನ ತಂಡದ ಪ್ರಶ್ನೆಗೆ ಉತ್ತರ

ನಮಸ್ಕಾರ. ಮುಂದಿನ ಜುಲೈಯಲ್ಲಿ ಅಮೆರಿಕದ ಮೂರು ಕನ್ನಡ ಕೂಟಗಳು ತಮ್ಮ ಹನ್ನೆರಡು ಜನರ ತಂಡವನ್ನು ಕರೆದಿವೆ, ಪ್ರವಾಸಿ ವೀಸಾ ಸಾಕೆಂದು ಸಂಘಟಕರು ಹೇಳಿದ್ದಾರೆ, ಹಾಗೆ ಹೋಗಬಹುದೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಹಾಗೆ ಹೋಗಬೇಡಿ. ವೃತ್ತಿ ಕಲಾವಿದರು ಸಂಭಾವನೆ ಪಡೆದು ಆಡುವ ಆಟಕ್ಕೆ ಬಿ-1 (ವ್ಯವಹಾರ) ಅಥವಾ ಬಿ-2 (ಪ್ರವಾಸಿ) ವೀಸಾ ಸಲ್ಲುವುದಿಲ್ಲ. ನಮ್ಮ ಸರ್ಕಾರವೇ ಪೂರ್ಣ ಖರ್ಚು ವಹಿಸಿ ಕಳುಹಿಸುವ, ಪ್ರೇಕ್ಷಕರಿಂದ ಹಣ ಪಡೆಯದ ಕಾರ್ಯಕ್ರಮಕ್ಕೆ ಮತ್ತು ಸಂಭಾವನೆಯಿಲ್ಲದೆ ಆಡುವ ಹವ್ಯಾಸಿಗಳಿಗೆ ಸೀಮಿತ ಅವಕಾಶವಿದೆ. ಸಂಘಟಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ಕಿರೀಟ, ಚೆಂಡೆ ಕಂಡಾಗ ಅಧಿಕಾರಿಗೆ ಉತ್ತರಿಸಬೇಕಾದವರು ಕಲಾವಿದರು, ವೀಸಾ ರದ್ದಾದರೆ ಆ ದಾಖಲೆ ಉಳಿಯುವುದೂ ಅವರ ಹೆಸರಿನಲ್ಲಿಯೇ.

ತಮಗೆ ಹೊಂದುವುದು ಪಿ-3 ವರ್ಗ. ಒಂದು ನಾಡಿಗೆ ಅಥವಾ ಸಮುದಾಯಕ್ಕೆ ವಿಶಿಷ್ಟವಾದ ಕಲೆಯನ್ನು ಪ್ರದರ್ಶಿಸುವವರಿಗೆ, ಕಲಿಸುವವರಿಗೆ ಇದು ಮೀಸಲು. ಇದಕ್ಕೆ ಕಲಾವಿದರು ತಾವೇ ಮನವಿ ಹಾಕುವಂತಿಲ್ಲ. ಅಮೆರಿಕದಲ್ಲಿರುವ ಸಂಸ್ಥೆ ಅಥವಾ ಏಜೆಂಟರು ಐ-129 ನಮೂನೆಯನ್ನು ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸಬೇಕು. ಮೂರು ಕೂಟಗಳಲ್ಲಿ ಒಂದು ಮುಂದೆ ನಿಂತು, ಎಲ್ಲ ಊರುಗಳ ದಿನಾಂಕ ಮತ್ತು ಸ್ಥಳಗಳಿರುವ ಕಾರ್ಯಕ್ರಮ ಪಟ್ಟಿಯೊಂದಿಗೆ ಒಂದೇ ಮನವಿ ಹಾಕುವುದು ಲೇಸು. ಮಂಜೂರಾದ ಬಳಿಕ ಅದೇ ಬಗೆಯ ಇನ್ನೊಂದು ಆಟ ಸೇರಿದರೆ, ಅದೇ ಅವಧಿಯೊಳಗಾದಲ್ಲಿ, ಹೊಸ ಮನವಿ ಬೇಕಾಗುವುದಿಲ್ಲ.

ನಿಜವಾದ ಕಷ್ಟ ಪುರಾವೆಗಳಲ್ಲಿದೆ. ಕಡತ ನೋಡುವ ಅಧಿಕಾರಿ ಯಕ್ಷಗಾನದ ಹೆಸರನ್ನೇ ಕೇಳಿರಲಾರರು. ಆದ್ದರಿಂದ ಹಿಮ್ಮೇಳ (ಹಾಡುಗಾರಿಕೆ, ವಾದ್ಯ), ಮುಮ್ಮೇಳ (ವೇಷಧಾರಿಗಳು), ತಿಟ್ಟುಗಳ (ಪ್ರಾದೇಶಿಕ ಶೈಲಿಗಳ) ಭೇದ ಮತ್ತು ಪ್ರತಿಯೊಬ್ಬ ಕಲಾವಿದರ ಅನುಭವವನ್ನು ವಿವರಿಸುವ ತಜ್ಞರ ಪತ್ರಗಳು ಬೇಕು. ಬರೆಯುವವರು ತಮಗೆ ಆ ಅರಿವು ಹೇಗೆ ಬಂತೆಂದೂ ತಿಳಿಸಬೇಕು. ಪತ್ರಿಕಾ ವಿಮರ್ಶೆಗಳು ಕನ್ನಡದಲ್ಲಿದ್ದರೆ ಪ್ರತಿಯೊಂದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಸಹಿಯಿರುವ ದೃಢೀಕರಣ ಕಡ್ಡಾಯ. ಇದರ ಮೇಲೆ ಅಲ್ಲಿನ ಕಾರ್ಮಿಕ ಸಂಘಟನೆಯೊಂದರ ಅಭಿಪ್ರಾಯ ಪತ್ರವೂ ಬೇಕು. ಸಂಘಟಕರೊಂದಿಗಿನ ಒಪ್ಪಂದವನ್ನೂ ತೋರಿಸಬೇಕು; ನಮ್ಮಲ್ಲಿ ಬಹುಪಾಲು ಬಾಯಿಮಾತಿನ ಒಪ್ಪಂದವೇ ಆದ್ದರಿಂದ ಹಲವರು ಇಲ್ಲಿ ಹೆದರುತ್ತಾರೆ. ಆದರೆ ಮೌಖಿಕ ಒಪ್ಪಂದದ ಸಾರಾಂಶವನ್ನು ಬರೆದು ಕೊಟ್ಟರೂ ನಿಯಮ ಒಪ್ಪುತ್ತದೆ. ಹೊಸ ಬಗೆಯ ಪ್ರಸಂಗವೆಂದು ಹಿಂಜರಿಯುವುದೂ ಬೇಡ. ಅರ್ಜೆಂಟೀನಾದ ಸಂಗೀತ ತಂಡವೊಂದರ ಕುರಿತ ಸ್ಕರ್ಬಾಲ್ ಕಲ್ಚರಲ್ ಸೆಂಟರ್ ಪ್ರಕರಣದಲ್ಲಿ, ಮಿಶ್ರ ಶೈಲಿಯೂ ಸಾಂಸ್ಕೃತಿಕವಾಗಿ ವಿಶಿಷ್ಟವಾಗಿರಬಹುದೆಂದು 2012ರಲ್ಲಿಯೇ ತೀರ್ಮಾನವಾಗಿದೆ.

ಬಣ್ಣ ಹಚ್ಚುವವರು, ವೇಷ ಕಟ್ಟುವವರು ಸಹಾಯಕರ ವರ್ಗಕ್ಕೆ ಸೇರುವುದರಿಂದ ಅವರಿಗೆ ಪ್ರತ್ಯೇಕ ಮನವಿ ಬೇಕು. ಚೌಕಿಯ (ವೇಷ ಕಟ್ಟುವ ಕೋಣೆಯ) ಕೆಲಸ ಬಲ್ಲವರು ಅಲ್ಲಿ ಸಿಗುವುದಿಲ್ಲ ಎಂಬುದನ್ನು ಅದರಲ್ಲಿ ಬಿಡಿಸಿ ಬರೆಯಿರಿ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಪಿ ವರ್ಗದ ಮನವಿಗೆ 1,015 ಡಾಲರ್, ಅದಲ್ಲದೆ 600 ಡಾಲರ್‌ಗಳ ಇನ್ನೊಂದು ಶುಲ್ಕ. ಕೂಟ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಗಿದ್ದರೆ 510 ಡಾಲರ್ ಮಾತ್ರ, ಎರಡನೆಯ ಶುಲ್ಕವಿಲ್ಲ. ಸಲ್ಲಿಸುವ ಮೊದಲು ಆ ದಿನದ ದರ ನೋಡಿಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಹಿರಿಯ ಕಲಾವಿದರು ನಮ್ಮಲ್ಲಿ ಅನೇಕರಿದ್ದಾರೆ. ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದವರು ಇದ್ದ ಹೆಸರನ್ನೇ ಉಪನಾಮವಾಗಿಸಿ, ಮೊದಲ ಹೆಸರಿಗೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಹಾಕುತ್ತಾರೆ. ಮನವಿ, ವೀಸಾ ಅರ್ಜಿ, ಪಾಸ್‌ಪೋರ್ಟ್ ಮೂರೂ ಹೊಂದುವಂತೆ ಈಗಲೇ ಸರಿಪಡಿಸಿಕೊಳ್ಳಿ.

ಕಾಲದ ವಿಷಯವನ್ನು ಒತ್ತಿ ಹೇಳುತ್ತೇನೆ. ಪ್ರದರ್ಶನಕ್ಕೆ ಒಂದು ವರ್ಷ ಮುಂಚಿನಿಂದಲೇ ಮನವಿ ಸಲ್ಲಿಸಬಹುದು. ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ (ತಿರುಗಾಟ ಮುಗಿಯುವ ದಿನದವರೆಗೆ) ರಾತ್ರಿಯಿಡೀ ಆಟ, ಹಗಲು ನಿದ್ದೆ. ಆಗ ಕಾಗದಕ್ಕೆ ಸಹಿ ಹಾಕಿಸುವುದೇ ಕಷ್ಟ. ಆದುದರಿಂದ ದೀಪಾವಳಿಗೆ ಮೊದಲೇ ಪತ್ರಗಳನ್ನೂ ಪಾಸ್‌ಪೋರ್ಟ್ ಪ್ರತಿಗಳನ್ನೂ ಒಟ್ಟುಗೂಡಿಸಿ. ಮನವಿ ಮಂಜೂರಾದರೂ ಪ್ರತಿಯೊಬ್ಬರೂ ತಲಾ 205 ಡಾಲರ್ ಕಟ್ಟಿ ಬೆರಳಚ್ಚು, ಸಂದರ್ಶನ ಮುಗಿಸಬೇಕು. ಅದಕ್ಕಾಗಿ ಪರವೂರಿಗೆ ಹೋದರೆ ಕಳೆಯುವ ಆಟದ ಸಂಬಳವೂ ಕಲಾವಿದರಿಗೆ ನಷ್ಟವೇ. ಆಹ್ವಾನ ಒಪ್ಪುವ ಮುನ್ನ, ಮನವಿ ಯಾವ ಕೂಟದ್ದು ಮತ್ತು ಈ ಖರ್ಚುಗಳೆಲ್ಲ ಯಾರ ಹೊಣೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.