ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ರೋಗದ ಎಂಆರ್‌ಐ ಸ್ಕ್ಯಾನ್ ಸುಧಾರಿಸಲು 3 ಟೆಸ್ಲಾ ಯಂತ್ರ ಬರುವವರೆಗೆ ಕಾಯಬೇಕೇ?

ಕಾಯಬೇಡಿ. 1.5 ಟೆಸ್ಲಾ (ಮ್ಯಾಗ್ನೆಟ್‌ನ ಬಲದ ಅಳತೆ), ಬರೀ ಆಕ್ಸಿಯಲ್ (ಅಡ್ಡ ಸೀಳಿನ) 2ಡಿ ಫ್ಲೇರ್ (ಮೆದುಳಿನ ಸುತ್ತಲ ದ್ರವವನ್ನು ಕಪ್ಪಾಗಿಸಿ ಹಾನಿಯನ್ನು ಬೆಳ್ಳಗೆ ತೋರಿಸುವ ಚಿತ್ರ), 5 ಮಿಮೀ ದಪ್ಪದ ಸ್ಲೈಸ್, ಸ್ಲೈಸ್‌ಗಳ ನಡುವೆ ಚಿತ್ರಕ್ಕೆ ಸಿಗದ 1.5 ಮಿಮೀ ಗ್ಯಾಪ್: ಪ್ರಶ್ನೆಯ ಜೊತೆ ನೀವು ಬರೆದಿರುವ ಈ ಪ್ರೋಟೋಕಾಲ್ (ಸ್ಕ್ಯಾನ್ ಕ್ರಮ) ನನ್ನ ಹಳೆಯದೇ. ನಾನೂ ಮ್ಯಾಗ್ನೆಟ್ಟನ್ನೇ ದೂರುತ್ತಿದ್ದೆ. ತಪ್ಪು ಇದ್ದದ್ದು ಆ ಗ್ಯಾಪ್‌ನಲ್ಲಿ.

ಎಂಎಸ್‌ನಲ್ಲಿ 3 ಮಿಮೀ ಲೀಜನ್ (ಹಾನಿಗೊಂಡ ಚುಕ್ಕೆ) ಕೂಡ ಲೆಕ್ಕಕ್ಕೆ ಬರುತ್ತದೆ. ಅದು 5 ಮಿಮೀ ಸ್ಲೈಸ್‌ನೊಳಗೆ ಪೂರ್ತಿ ಬಿದ್ದರೂ ದಪ್ಪದ ಐದರಲ್ಲಿ ಮೂರು ಪಾಲನ್ನಷ್ಟೇ ತುಂಬುತ್ತದೆ. ಮಿಕ್ಕದ್ದು ಮೆದುಳಿನ ಆರೋಗ್ಯವಾಗಿರುವ ಬಿಳಿ ದ್ರವ್ಯ (ವೈಟ್ ಮ್ಯಾಟರ್); ಎರಡೂ ಬೆರೆತು ಹೊಳಪು ಇಳಿಯುತ್ತದೆ. ಅರ್ಧ ಲೀಜನ್ ಗ್ಯಾಪ್‌ಗೆ ಜಾರಿತೆನ್ನಿ, ಸ್ಲೈಸ್‌ಗೆ ಸಿಗುವುದು 1.5 ಮಿಮೀ ಮಾತ್ರ, ಅಂದರೆ 30 ಪ್ರತಿಶತ. ಕಣ್ಣಿಗೆ ಬೀಳುವುದಿಲ್ಲ. ಕೆಲವು ತಿಂಗಳ ನಂತರದ ಮರುಸ್ಕ್ಯಾನ್‌ನಲ್ಲಿ ತಲೆ ತುಸು ಬೇರೆ ಕೋನದಲ್ಲಿರುತ್ತದೆ. ಗ್ಯಾಪ್‌ನಲ್ಲಿ ಅಡಗಿದ್ದದ್ದು ಈಗ ಸ್ಲೈಸ್‌ನ ಮಧ್ಯಕ್ಕೆ ಬಂದು ಬೆಳ್ಳಗೆ ಕಾಣುತ್ತದೆ, ವರದಿಯಲ್ಲಿ ‘ಹೊಸ ಲೀಜನ್’ ಎಂದಾಗುತ್ತದೆ. ಎಂಎಸ್ ಗುರುತಿಸಲು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ ಹೊಸ ಲೀಜನ್ ಎಂದರೆ ರೋಗ ಕಾಲಕ್ರಮದಲ್ಲಿ ಹರಡಿದೆ ಎಂಬುದಕ್ಕೆ ಪುರಾವೆ. ಔಷಧಿ ಬದಲಿಸುವ ಮಾತೂ ಅದರ ಮೇಲೇ ನಿಂತಿರುತ್ತದೆ. ಹೊಸದೇನೂ ಬಂದಿರಲಿಲ್ಲ, ಮೊದಲ ಸಲ ನಾನು ಹಿಡಿದಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ಸ್ಯಾಜಿಟಲ್ (ಪಕ್ಕದಿಂದ ನೋಡಿದ ಸೀಳಿನ) 3ಡಿ ಫ್ಲೇರ್ ಹಾಕಿ, ಮೂರೂ ದಿಕ್ಕಿನಲ್ಲಿ 1 ಮಿಮೀ, ಫ್ಯಾಟ್ ಸಪ್ರೆಶನ್ (ಕೊಬ್ಬಿನ ಹೊಳಪು ಅಡಗಿಸುವುದು) ಜೊತೆಗೆ. 1.5 ಟೆಸ್ಲಾದಲ್ಲೂ ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಮೆದುಳಿನ ಎರಡು ಅರ್ಧಗಳನ್ನು ಕೂಡಿಸುವ ಕಾರ್ಪಸ್ ಕಲೋಸಮ್‌ನ ಕೆಳ ಅಂಚಿಗೆ ಅಂಟಿಕೊಂಡ ಲೀಜನ್‌ಗಳು ಸ್ಯಾಜಿಟಲ್‌ನಲ್ಲಿ ಕಾಣುವಷ್ಟು ಚೆನ್ನಾಗಿ ಆಕ್ಸಿಯಲ್‌ನಲ್ಲಿ ಕಾಣುವುದಿಲ್ಲ. 3ಡಿ ಸೌಲಭ್ಯವೇ ಇಲ್ಲದಿದ್ದರೆ 2ಡಿ ಇರಲಿ, ಆದರೆ ಸ್ಲೈಸ್ 3 ಮಿಮೀ, ಗ್ಯಾಪ್ ಸೊನ್ನೆ. ಆಕ್ಸಿಯಲ್ ಕೋನವನ್ನು ಪ್ರತಿ ಸಲವೂ ಕಾರ್ಪಸ್ ಕಲೋಸಮ್‌ನ ಮುಂದಿನ ಮತ್ತು ಹಿಂದಿನ ತುದಿಗಳ ಕೆಳ ಅಂಚನ್ನು ಕೂಡಿಸುವ ಗೆರೆಗೇ ಹೊಂದಿಸಿ. ಇದನ್ನು ಟೆಕ್ನಿಷಿಯನ್‌ನ ಅಂದಾಜಿಗೆ ಬಿಡಬೇಡಿ. ಟಿ2 (ದ್ರವವೂ ಬೆಳ್ಳಗೆ ಕಾಣುವ ಚಿತ್ರ) ತೆಗೆದುಹಾಕಲೂ ಬೇಡಿ. ಮೆದುಳಿನ ಹಿಂದೆ ಕೆಳಗಿರುವ ಪಾನ್ಸ್, ಸೆರೆಬೆಲ್ಲಮ್ ಭಾಗದ ಲೀಜನ್‌ಗಳು 2ಡಿ ಫ್ಲೇರ್‌ಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ.

ಗ್ಯಾಡೊಲಿನಿಯಂ (ಸಕ್ರಿಯ ಲೀಜನ್ ಹೊಳೆಯುವಂತೆ ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್) ದೇಹತೂಕದ ಕಿಲೋಗೆ 0.1 ಮಿಲಿಮೋಲ್ ಸಾಕು. ಚುಚ್ಚಿದ ಕೂಡಲೇ ಟಿ1 (ಆ ಹೊಳಪು ಹಿಡಿಯುವ ಚಿತ್ರ) ಓಡಿಸಿದರೆ ಸಕ್ರಿಯ ಲೀಜನ್ ಹೊಳೆಯುವ ಮುಂಚೆಯೇ ಚಿತ್ರ ಮುಗಿದಿರುತ್ತದೆ. ಕನಿಷ್ಠ 5 ನಿಮಿಷ ಬಿಡಿ, ಆ ಹೊತ್ತಿನಲ್ಲಿ ಟಿ2 ತೆಗೆದುಕೊಳ್ಳಿ.

3 ಟೆಸ್ಲಾದಿಂದ ಲಾಭ ಇಲ್ಲವೆನ್ನುತ್ತಿಲ್ಲ. ಲೀಜನ್‌ನ ನಡುವೆ ಹಾಯ್ದ ಸಣ್ಣ ಅಭಿಧಮನಿ, ಅಂದರೆ ಸೆಂಟ್ರಲ್ ವೇನ್ ಸೈನ್, ಅಲ್ಲಿ ಚೊಕ್ಕವಾಗಿ ಕಾಣುತ್ತದೆ. ಮೈಗ್ರೇನ್‌ನ ಬಿಳಿ ಚುಕ್ಕೆಗಳನ್ನು ಎಂಎಸ್‌ನಿಂದ ಬೇರ್ಪಡಿಸಲು ಅದು ನೆರವಾಗುತ್ತದೆ. 2024ರ ಪರಿಷ್ಕೃತ ಮಾನದಂಡದಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಆದರೆ ಅದು ಎರಡನೆಯ ಹೆಜ್ಜೆ. ಈಗಿರುವ ಯಂತ್ರದಲ್ಲೇ ಹತ್ತು ನಿಮಿಷ ಉಳಿದರೆ ಬೆನ್ನುಹುರಿ ಸೇರಿಸಿ: ಸ್ಯಾಜಿಟಲ್ ಟಿ2, ಜೊತೆಗೆ ಸ್ಟಿರ್ (STIR, ಕೊಬ್ಬಿನ ಹೊಳಪು ಅಡಗಿಸುವ ಚಿತ್ರ), 3 ಮಿಮೀ. ಅಲ್ಲೂ ಗ್ಯಾಪ್ ಬೇಡ.