ಹಳೆಯ ಲಾರಿ ಏರಿನಲ್ಲಿ ಎಳೆಯದಿದ್ದರೆ, ಟೈಮಿಂಗ್ ಮುಟ್ಟುವ ಮೊದಲು

ಮೆಕ್ಯಾನಿಕಲ್ ಇನ್‌ಲೈನ್ ಪಂಪ್ (ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್) ಮತ್ತು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ನಿಮ್ಮ ಆರು ಸಿಲಿಂಡರಿನ ಹಳೆಯ ಡೀಸೆಲ್ ಲಾರಿ ಖಾಲಿಯಿದ್ದಾಗ ಸರಾಗವಾಗಿ ಓಡುತ್ತದೆ, ಲೋಡ್ ಹೊತ್ತು ಏರು ಹತ್ತುವಾಗ ಮಾತ್ರ ಸೊರಗುತ್ತದೆ. ಪಂಪನ್ನು ಸ್ವಲ್ಪ ತಿರುಗಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿದರೆ, ಅಂದರೆ ಸಿಲಿಂಡರಿಗೆ ಡೀಸೆಲ್ ಇನ್ನಷ್ಟು ಬೇಗ ಹೋಗುವಂತೆ ಮಾಡಿದರೆ, ಸರಿಹೋದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಪಂಪಿನ ಬೋಲ್ಟುಗಳನ್ನು ಸಡಿಲಿಸಬೇಡಿ. ಗೇರಿನಿಂದ ತಿರುಗುವ ಪಂಪಿನ ಟೈಮಿಂಗ್ ತಾನಾಗಿಯೇ ಜರುಗುವುದು ಅಪರೂಪ. ಯಾರಾದರೂ ಪಂಪನ್ನು ಬಿಚ್ಚಿ ಕೂರಿಸಿದ್ದರೆ, ಪಂಪನ್ನು ಅದರ ಚಾಲನೆಗೆ ಜೋಡಿಸುವ ಕಪ್ಲಿಂಗಿನ ಬೋಲ್ಟ್ ಸಡಿಲವಾಗಿದ್ದರೆ ಅಥವಾ ಗೇರಿನ ಹಲ್ಲುಗಳು ಬಹಳ ಸವೆದಿದ್ದರೆ ಅದು ತಪ್ಪಬಹುದು. ಇವುಗಳಲ್ಲಿ ಯಾವುದೂ ಆಗಿಲ್ಲವೆಂದಾದರೆ, ಟೈಮಿಂಗ್ ಬದಲಿಸುವುದೆಂದರೆ ಇರುವ ದೋಷವನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಇನ್ನೊಂದನ್ನು ಹೇರಿದಂತೆ.

ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ದುರಸ್ತಿ ಮಾಡಿದ ಒಂದು ಲಾರಿಯಲ್ಲಿ ಇದೇ ಲಕ್ಷಣಗಳಿದ್ದವು. ಎರಡು ದಿನ ಪಂಪಿನ ಸುತ್ತಲೇ ಕೆಲಸ ಮಾಡಿದ ಮೇಲೆ, ಎಕ್ಸಾಸ್ಟ್ ಬ್ರೇಕಿನ (ಹೊಗೆಯ ದಾರಿ ತಡೆದು ಗಾಡಿಯ ವೇಗ ತಗ್ಗಿಸುವ ಬ್ರೇಕ್) ಬಟರ್‌ಫ್ಲೈ ವಾಲ್ವ್ ಮಸಿ ಕಟ್ಟಿ ಅರ್ಧ ಮುಚ್ಚಿದ ಸ್ಥಿತಿಯಲ್ಲೇ ಸಿಲುಕಿಕೊಂಡಿರುವುದು ಕಣ್ಣಿಗೆ ಬಿತ್ತು. ಲೋಡ್ ಇಲ್ಲದಾಗ ಹೊಗೆ ಹೊರಹೋಗಲು ಅಷ್ಟು ದಾರಿ ಸಾಕಾಗುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಆ ವಾಲ್ವಿನ ತೋಳನ್ನು ಕೈಯಿಂದ ಆಡಿಸಿ ನೋಡಲು ಒಂದು ನಿಮಿಷವೂ ಬೇಡ. ನಿಮ್ಮ ಲಾರಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಇದ್ದರೆ ಅಲ್ಲಿಂದಲೇ ಆರಂಭಿಸಿ.

ದೋಷ ಎಂಜಿನ್ನಿನಲ್ಲೇ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಏರಿನಲ್ಲಿ ಎಂಜಿನ್ನಿನ ವೇಗ ಏರಿದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡ್ರಮ್ ಮಾತ್ರ ವಿಪರೀತ ಬಿಸಿಯಾಗಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಬಳಿಕ ಎಂಜಿನ್ ಆರಿಸಿ, ಒಬ್ಬರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಪಂಪಿನ ಲಿವರ್ ಕೊನೆಯ ತಡೆಯವರೆಗೆ ಹೋಗಿ ತಾಗುತ್ತದೆಯೇ ಎಂದು ನೋಡಿ. ಸವೆದ ಲಿಂಕೇಜಿನಿಂದಾಗಿ ಲಿವರ್ ಮುಕ್ಕಾಲು ಭಾಗಕ್ಕೇ ನಿಲ್ಲುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ.

ಇಷ್ಟೂ ಸರಿಯಿದ್ದರೆ, ಲೋಡ್ ಇರುವಾಗ ಬರುವ ಹೊಗೆಯನ್ನು ಗಮನಿಸಿ. ಹೊಗೆ ಕಪ್ಪಾಗಿದ್ದರೆ ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ ಎಂದು ತಿಳಿಯಬೇಕು. ಏರ್ ಫಿಲ್ಟರ್, ಟರ್ಬೊದಿಂದ ಎಂಜಿನ್ನಿಗೆ ಹೋಗುವ ಹೋಸುಗಳಲ್ಲಿನ ಬಿರುಕು, ಸರಿಯಾಗಿ ಸಿಂಪಡಿಸದ ನಾಝಲ್ ಇವುಗಳನ್ನು ಪರೀಕ್ಷಿಸಿ. ಹೊಗೆಯೇ ಇಲ್ಲದೆ ಎಳೆತ ಕುಗ್ಗಿದ್ದರೆ ಡೀಸೆಲ್ಲೇ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನ ಗಾಳಿರಂಧ್ರ ಮುಚ್ಚಿರಬಹುದು, ಅಥವಾ ಟರ್ಬೊದ ಒತ್ತಡವನ್ನು ಪಂಪಿಗೆ ತಲುಪಿಸುವ ಸಣ್ಣ ಕೊಳವೆ ಒಡೆದಿರಬಹುದು. ಈ ಕೊನೆಯದನ್ನು ಬಹಳ ಮಂದಿ ನೋಡುವುದೇ ಇಲ್ಲ. ಆ ಒತ್ತಡ ತಲುಪದಿದ್ದರೆ ಪಂಪ್ ಟರ್ಬೊ ಇಲ್ಲದ ಎಂಜಿನ್ನಿಗೆ ಕೊಡುವಷ್ಟೇ ಡೀಸೆಲ್ ಕೊಡುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪ್) ಪೈಪಿನಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಅಲ್ಲೊಂದು ಪಾರದರ್ಶಕ ಪೈಪಿನ ತುಂಡನ್ನು ಜೋಡಿಸಿದರೆ ಗುಳ್ಳೆಗಳು ಕಾಣಿಸುತ್ತವೆ.

ಬೆಳಿಗ್ಗೆ ತಡವಾಗಿ ಸ್ಟಾರ್ಟ್ ಆಗಿ ಬಹಳ ಹೊತ್ತು ಕಣ್ಣುರಿಸುವ ಬಿಳಿ ಹೊಗೆ ಬರುವುದು, ಎಂಜಿನ್ನಿನ ಸದ್ದು ಮಂಕಾಗುವುದು, ಏರಿನಲ್ಲಿ ಬೇಗ ಬಿಸಿಯಾಗುವುದು ಇವೆಲ್ಲ ಒಟ್ಟಿಗೆ ಕಂಡಾಗ ಟೈಮಿಂಗ್ ಹಿಂದೆ ಬಿದ್ದಿದೆ ಎಂಬ ಅನುಮಾನಕ್ಕೆ ಆಧಾರ ಸಿಗುತ್ತದೆ. ಆದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಲ್ಪಡುವ ಬಲ) ಕುಗ್ಗಿದ ಎಂಜಿನ್ನೂ ಬೆಳಿಗ್ಗೆ ಇದೇ ಬಿಳಿ ಹೊಗೆ ಬಿಡುತ್ತದೆ. ಆದ್ದರಿಂದ ವಾಲ್ವುಗಳ ಟ್ಯಾಪೆಟ್ ಅಂತರವನ್ನು ಸರಿಪಡಿಸಿ, ಕಂಪ್ರೆಷನ್ ಅಳೆದ ಮೇಲೆಯೇ ಟೈಮಿಂಗ್ ಪರೀಕ್ಷೆಗೆ ಇಳಿಯಿರಿ.

ಪರೀಕ್ಷೆಯ ಕ್ರಮ ಹೀಗಿದೆ. ಎಂಜಿನ್ನನ್ನು ಕೈಯಿಂದ ತಿರುಗಿಸಿ ಒಂದನೆಯ ಸಿಲಿಂಡರನ್ನು ಕಂಪ್ರೆಷನ್ನಿಗೆ ತನ್ನಿ. ಆಗ ಆರನೆಯ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯಲು ಆರಂಭಿಸುತ್ತಿರುತ್ತದೆ. ಪಂಪಿನ ಒಂದನೆಯ ಡೆಲಿವರಿ ವಾಲ್ವ್ (ಡೀಸೆಲ್ ಹೊರಹೋಗುವ ಕಡೆಯ ವಾಲ್ವ್) ಮತ್ತು ಅದರ ಸ್ಪ್ರಿಂಗನ್ನು ತೆಗೆದು ಶುದ್ಧ ಡೀಸೆಲ್ಲಿನಲ್ಲಿಟ್ಟು, ಹೋಲ್ಡರನ್ನು ಮತ್ತೆ ಕೂರಿಸಿ, ಅದಕ್ಕೆ ಬಾಗಿದ ಸಣ್ಣ ಕೊಳವೆ ಹಾಕಿ. ಸ್ಟಾಪ್ ಲಿವರ್ ಓಡುವ ಸ್ಥಿತಿಯಲ್ಲೂ ಆಕ್ಸಿಲರೇಟರ್ ಪೂರ್ತಿ ಒತ್ತಿದ ಸ್ಥಿತಿಯಲ್ಲೂ ಇರಲಿ. ಫ್ಲೈವೀಲನ್ನು (ಎಂಜಿನ್ನಿನ ಹಿಂಭಾಗದ ಭಾರವಾದ ಚಕ್ರ) ಟೈಮಿಂಗ್ ಗುರುತಿಗಿಂತ ಸಾಕಷ್ಟು ಹಿಂದಕ್ಕೆ ಒಯ್ದು, ಹ್ಯಾಂಡ್ ಪ್ರೈಮರ್ (ಡೀಸೆಲ್ ಒತ್ತುವ ಕೈಪಂಪ್) ಒತ್ತುತ್ತಲೇ, ಎಂಜಿನ್ ಓಡುವ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿ. ಧಾರೆಯಾಗಿ ಬರುತ್ತಿದ್ದ ಡೀಸೆಲ್ ತೊಟ್ಟಿಕ್ಕುವ ಮಟ್ಟಕ್ಕೆ ಬಂದು ನಿಲ್ಲುವ ಕ್ಷಣವೇ ಪಂಪಿನ ಪ್ಲಂಜರ್ ರಂಧ್ರವನ್ನು ಮುಚ್ಚಿದ ಕ್ಷಣ. ಆಗ ಫ್ಲೈವೀಲ್ ತೋರಿಸುವ ಡಿಗ್ರಿಯನ್ನು ಎಂಜಿನ್ ಫಲಕದಲ್ಲೋ ಕೈಪಿಡಿಯಲ್ಲೋ ಇರುವ ಅಂಕಿಯೊಂದಿಗೆ ಹೋಲಿಸಿ. ಗುರುತನ್ನು ದಾಟಿಹೋದರೆ ಸ್ವಲ್ಪವೇ ಹಿಂದಕ್ಕೆ ತಂದು ಓದಬೇಡಿ, ಗೇರ್ ಹಲ್ಲುಗಳ ನಡುವಿನ ಸಡಿಲದಿಂದ ಅಳತೆ ತಪ್ಪುತ್ತದೆ. ಮೊದಲಿನಿಂದ ಮತ್ತೆ ಬನ್ನಿ. ಮುಂಭಾಗದ ಪುಲಿಯ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ, ಏಕೆಂದರೆ ರಬ್ಬರ್ ಇರುವ ಡ್ಯಾಂಪರಿನಲ್ಲಿ (ನಡುಕ ತಗ್ಗಿಸುವ ಪುಲಿ) ಹೊರಬಳೆ ಜಾರಿರುವ ಸಾಧ್ಯತೆಯಿದೆ.

ವ್ಯತ್ಯಾಸ ಸಿಕ್ಕರೆ, ಅದಕ್ಕೆ ಕಾರಣವಾದ ಕಪ್ಲಿಂಗ್ ಅಥವಾ ಗೇರನ್ನು ಹುಡುಕಿ ಸರಿಪಡಿಸಿದ ಮೇಲೆ ಪಂಪನ್ನು ಹೊಂದಿಸಿ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಎರಡು ಸುತ್ತು ತಿರುಗಿದಾಗ ಪಂಪ್ ಒಂದು ಸುತ್ತು ತಿರುಗುವುದರಿಂದ, ಪಂಪಿನಲ್ಲಿ 1 ಡಿಗ್ರಿ ಜರುಗಿಸಿದರೆ ಕ್ರ್ಯಾಂಕಿನಲ್ಲಿ 2 ಡಿಗ್ರಿ ಬದಲಾಗುತ್ತದೆ. ಪಂಪಿನ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಪಂಪಿನ ದೇಹವನ್ನು ತಿರುಗಿಸಿದರೆ ಅಡ್ವಾನ್ಸ್ ಆಗುತ್ತದೆ. ನಿಗದಿತ ಅಂಕಿಗಿಂತ ಒಂದಿಷ್ಟು ಹೆಚ್ಚು ಇಟ್ಟರೆ ಪಿಕಪ್ ಬರುತ್ತದೆ ಎಂಬ ಸಲಹೆಯನ್ನು ಒಪ್ಪಬೇಡಿ: ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ದಹನದ ಒತ್ತಡ ವಿಪರೀತವಾಗಿ, ಬಡಿತದ ಸದ್ದಿನೊಂದಿಗೆ ಬೇರಿಂಗ್ ಮತ್ತು ಪಿಸ್ಟನ್ ಎರಡಕ್ಕೂ ಹಾನಿಯಾಗುತ್ತದೆ.

ಬೋಲ್ಟುಗಳನ್ನು ಬಿಗಿ ಮಾಡುವಾಗ ಪಂಪ್ ಮತ್ತೆ ಕೊಂಚ ಜರುಗುವುದುಂಟು, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಅಳತೆ ಸರಿಯಿದ್ದೂ ಹೆಚ್ಚಿನ ವೇಗದಲ್ಲಿ ಮಾತ್ರ ಎಳೆತ ಕುಗ್ಗಿದರೆ, ಪಂಪಿನ ಚಾಲನೆಯಲ್ಲಿರುವ, ವೇಗಕ್ಕೆ ತಕ್ಕಂತೆ ಟೈಮಿಂಗ್ ಬದಲಿಸುವ ಸ್ವಯಂಚಾಲಿತ ಟೈಮರಿನ ತೂಕಗಳು ಸಿಲುಕಿರಬಹುದು, ಅದನ್ನು ಪಂಪ್ ಪರೀಕ್ಷಿಸುವ ಬೆಂಚಿನ ಮೇಲೆಯೇ ನೋಡಿಸಬೇಕು. ಲೋಡ್ ಇದ್ದಾಗಿನ ಹೊಗೆಯ ಬಣ್ಣವನ್ನೂ ಫ್ಲೈವೀಲಿನಲ್ಲಿ ಓದಿದ ಡಿಗ್ರಿಯನ್ನೂ ತಿಳಿಸಿದರೆ ಮುಂದಿನ ಹೆಜ್ಜೆಯನ್ನು ಹೇಳಬಲ್ಲೆ.