ಅದು ಡಿಎನ್‌ಎ ಎಂದು ತಿಳಿದದ್ದು ಹೇಗೆ?

ಪತ್ರ: “ಕಳೆದ ಸಂಚಿಕೆಯ ಡಿಎನ್‌ಎ ಲೇಖನದ ಅರ್ಧ ಭಾಗ ಹಳೆಯ ಪ್ರಯೋಗಗಳಿಗೇ ಹೋಗಿದೆ. ಜೋಡಿ ಸುರುಳಿ, ಎ–ಟಿ ಮತ್ತು ಜಿ–ಸಿ ಜೋಡಣೆ, ಜೀನಿನಿಂದ ಪ್ರೋಟೀನು, ಇಷ್ಟು ತಿಳಿದರೆ ವಿದ್ಯಾರ್ಥಿಗಳಿಗೆ ಸಾಕು. ನಮಗೆ ಸಿಗುವ ಸಮಯದಲ್ಲಿ ಚರಿತ್ರೆಗೆ ಎಡೆಯೆಲ್ಲಿ?” – ಜೀವಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ

ಉತ್ತರ: ಪಠ್ಯ ಮುಗಿಸುವ ಒತ್ತಡದ ಬಗ್ಗೆ ನೀವು ಬರೆದದ್ದು ನಿಜ, ಅದನ್ನು ಒಪ್ಪುತ್ತೇನೆ. ಆದರೆ ನೀವು ಚರಿತ್ರೆಯೆಂದು ಬದಿಗೆ ಸರಿಸಿದ್ದೇ ಆ ಪಾಠದ ತಿರುಳು ಎಂಬುದು ನನ್ನ ಬಹುಕಾಲದ ನಂಬಿಕೆ. ಇಷ್ಟು ಕಾಳಜಿಯಿಂದ ಪತ್ರ ಬರೆಯುವ ಅಧ್ಯಾಪಕರು ಹಾಗೆ ಸರಿಸಿದರಲ್ಲ ಎಂಬ ಬೇಸರದಿಂದಲೇ ಈ ದೀರ್ಘ ಉತ್ತರ.

1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್, ಕಾಯಿಸಿ ಕೊಂದ ಮಾರಕ ನ್ಯುಮೋನಿಯಾ ಬ್ಯಾಕ್ಟೀರಿಯಾವನ್ನು ಜೀವಂತವಾದ ನಿರುಪದ್ರವಿ ಬಗೆಯೊಂದಿಗೆ ಬೆರೆಸಿ ಇಲಿಗೆ ಚುಚ್ಚಿದರು. ಇಲಿ ಸತ್ತಿತು, ಅದರ ರಕ್ತದಲ್ಲಿ ಮಾರಕ ಬಗೆಯೇ ಜೀವಂತವಾಗಿ ಸಿಕ್ಕಿತು. ಸತ್ತದ್ದರಿಂದ ಬದುಕಿದ್ದಕ್ಕೆ ಏನೋ ದಾಟಿತ್ತು, ದಾಟಿದ ಗುಣ ಮುಂದಿನ ಪೀಳಿಗೆಗಳಿಗೂ ಇಳಿಯುತ್ತಿತ್ತು. ದಾಟಿದ್ದು ಡಿಎನ್‌ಎ ಎಂದು ಗ್ರಿಫಿತ್ ಹೇಳಲಿಲ್ಲ; ಆದರೂ ನೆರೆಮನೆಯ ಹುಡುಗಿ ತಂದು ತೋರಿಸಿದ ಪರೀಕ್ಷಾ ಗೈಡೊಂದರಲ್ಲಿ ಅದನ್ನು ಸಾಧಿಸಿದವರೇ ಗ್ರಿಫಿತ್ ಎಂದು ಅಚ್ಚಾಗಿತ್ತು. ಸಾಧಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಾಯ್ಡ್, ಮ್ಯಾಕ್ಲಿನ್ ಮೆಕಾರ್ಟಿ. ಪ್ರೋಟೀನನ್ನು ಒಡೆಯುವ ಕಿಣ್ವ ಹಾಕಿದರೂ, ಡಿಎನ್‌ಎಯ ಹತ್ತಿರದ ಸಂಬಂಧಿಯಾದ ಆರ್‌ಎನ್‌ಎಯನ್ನು ಒಡೆಯುವ ಕಿಣ್ವ ಹಾಕಿದರೂ, ಮಾರಕ ಬ್ಯಾಕ್ಟೀರಿಯಾದಿಂದ ತೆಗೆದ ಸಾರಕ್ಕೆ ನಿರುಪದ್ರವಿ ಬಗೆಯನ್ನು ಬದಲಿಸುವ ಶಕ್ತಿ ಉಳಿಯಿತು. ಡಿಎನ್‌ಎಯನ್ನು ಒಡೆಯುವ ಕಿಣ್ವ ಹಾಕಿದಾಗ ಮಾತ್ರ ಅಳಿಯಿತು. 1944ರಲ್ಲಿ ಇದು ಪ್ರಕಟವಾದಾಗ ಏವರಿಯವರಿಗೆ 66 ವರ್ಷ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಪ್ರೋಟೀನನ್ನು ಬಿಟ್ಟು, ಎ, ಟಿ, ಜಿ, ಸಿ ಎಂಬ ನಾಲ್ಕೇ ಘಟಕಗಳು ಮರುಕಳಿಸುವ ನೀರಸ ವಸ್ತುವೆಂದು ತಿಳಿದಿದ್ದ ಡಿಎನ್‌ಎ ಅನುವಂಶೀಯತೆಯನ್ನು ಹೊರುತ್ತದೆಂದು ನಂಬಲು ಅನೇಕರು ಸಿದ್ಧರಿರಲಿಲ್ಲ. ಏವರಿಯವರಿಗೆ ನೊಬೆಲ್ ಬರಲೇ ಇಲ್ಲ, ಅದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ನೀವು ಸಾಕೆಂದ ಎ–ಟಿ, ಜಿ–ಸಿ ಜೋಡಣೆಯೂ ಇದೇ ಪ್ರಬಂಧದ ಫಲ. ಅದನ್ನು ಓದಿದ ಎರ್ವಿನ್ ಚಾರ್ಗಾಫ್ ತಮ್ಮ ಪ್ರಯೋಗಾಲಯವನ್ನೇ ಡಿಎನ್‌ಎ ಕಡೆಗೆ ತಿರುಗಿಸಿ, ಬೇರೆ ಬೇರೆ ಜೀವಿಗಳಲ್ಲಿ ಎ ಮತ್ತು ಟಿ, ಜಿ ಮತ್ತು ಸಿ ಹೆಚ್ಚುಕಡಿಮೆ ಸಮವಾಗಿರುವುದನ್ನು ಕಂಡರು. ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಎಕ್ಸ್-ರೇ ಮಾಹಿತಿಯೂ ಈ ಸಮತೆಯೂ ಇಲ್ಲದಿದ್ದರೆ 1953ರ ವ್ಯಾಟ್ಸನ್–ಕ್ರಿಕ್ ಜೋಡಿ ಸುರುಳಿ ಮಾದರಿ ಯಾವುದರ ಮೇಲೆ ನಿಲ್ಲುತ್ತಿತ್ತು?

ಇನ್ನು ಪ್ರೋಟೀನು ಕಟ್ಟಲು ಆ ಅಕ್ಷರಗಳನ್ನು ಜೀವಕೋಶ ಮೂರು ಮೂರಾಗಿ ಓದುತ್ತದೆಂಬುದು. ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ ಯು (ಆರ್‌ಎನ್‌ಎಯಲ್ಲಿ ಟಿಯ ಬದಲು ಬರುವ ಅಕ್ಷರ) ಮತ್ತು ಸಿ ಅಕ್ಷರಗಳು ಒಂದಾದ ಮೇಲೊಂದು ಬರುವ ಆರ್‌ಎನ್‌ಎ ದೊರೆಯುವಂತೆ ಮಾಡಿದರು. ಕೋಶ ಎರಡೆರಡಾಗಿ ಓದಿದ್ದರೆ ಒಂದೇ ಅಮೈನೋ ಆಮ್ಲ ಸಾಲುಗಟ್ಟಬೇಕಿತ್ತು. ಬಂದದ್ದು ಸೆರೀನ್, ಲ್ಯೂಸೀನ್, ಮತ್ತೆ ಸೆರೀನ್, ಲ್ಯೂಸೀನ್. ಯುಸಿಯು ಒಂದಕ್ಕೆ, ಸಿಯುಸಿ ಇನ್ನೊಂದಕ್ಕೆ. ಕರಿಹಲಗೆಯ ಮೇಲೆ ಐದು ನಿಮಿಷದಲ್ಲಿ ಬಿಡಿಸಬಹುದಾದ ಈ ತರ್ಕವನ್ನು ಕೊಡದೆ ಮೂರಕ್ಷರದ 64 ಸಂಕೇತಗಳ ಪಟ್ಟಿಯನ್ನು ಮಾತ್ರ ಕೊಡುವುದು ವಿದ್ಯಾರ್ಥಿಯ ಬುದ್ಧಿಗೆ ಮಾಡುವ ಅವಮಾನ. 1968ರಲ್ಲಿ ನೊಬೆಲ್ ಹಂಚಿಕೊಂಡ ಖೊರಾನಾ ಅವರನ್ನು ನಮ್ಮವರೆಂದು ಕೊಂಡಾಡುತ್ತೇವೆ. 1949ರಲ್ಲಿ ಅವರು ಉದ್ಯೋಗ ಹುಡುಕಿ ಭಾರತಕ್ಕೆ ಬಂದು, ಸಿಗದೆ ಕೇಂಬ್ರಿಜ್‌ಗೆ ಹೊರಟದ್ದನ್ನು ಯಾರೂ ಎತ್ತುವುದಿಲ್ಲ.

ಈ ದೇಶದಲ್ಲಿ ಉತ್ತರಕ್ಕಿರುವ ಗೌರವ ಪ್ರಶ್ನೆಗಿಲ್ಲ. ಬೀಗ ಹಾಕಿದ ಪ್ರಯೋಗಾಲಯಗಳನ್ನೂ, ಮುಟ್ಟದ ಪ್ರಯೋಗಕ್ಕೆ ಪೂರ್ಣ ಅಂಕ ಪಡೆದ ದಾಖಲೆ ಪುಸ್ತಕಗಳನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಹಣವಿಲ್ಲ ಎಂಬ ನೆಪ ಎಲ್ಲ ಕಡೆಯೂ ನಡೆಯುವುದಿಲ್ಲ. ಕಿವುಚಿದ ಬಾಳೆಹಣ್ಣಿಗೆ ಉಪ್ಪುನೀರು, ಪಾತ್ರೆ ತೊಳೆಯುವ ದ್ರವ ಬೆರೆಸಿ ಸೋಸಿ, ಮೇಲೆ ತಣ್ಣಗಿನ ಸ್ಪಿರಿಟ್ ಮೆಲ್ಲಗೆ ಸುರಿಯಿರಿ. ಬಿಳಿಯ ಎಳೆಗಳು ಮೇಲೇಳುತ್ತವೆ. ಏವರಿಯವರ ಗಾಜಿನ ಕಡ್ಡಿಗೆ ಸುತ್ತಿಕೊಂಡದ್ದೂ ಅಂಥವೇ ಎಳೆಗಳು. ಅವು ಡಿಎನ್‌ಎಯೇ ಎನ್ನಲು ಏನು ಆಧಾರ, ಪ್ರೋಟೀನು ಯಾಕಾಗಿರಬಾರದು ಎಂದು ಆಗ ವಿದ್ಯಾರ್ಥಿಗಳನ್ನು ಕೇಳಿ. ಅವರು ಹೇಳಿದ್ದನ್ನು, ತಪ್ಪು ಉತ್ತರಗಳನ್ನೂ ಬಿಡದೆ, ನಮಗೆ ಬರೆದು ಕಳಿಸಿ; ಎಷ್ಟು ಪುಟವಾದರೂ ಪ್ರಕಟಿಸುತ್ತೇನೆ. – ಸಂ.